ಮೀಟರ್ ಮುಳ್ಳು ಕೆಂಪಿಗೆ ಹೋಯ್ತು: ತಪ್ಪು ಎಂಜಿನ್‌ದೋ, ಸೆನ್ಸರ್‌ದೋ?

ಇವತ್ತಿನ ಸಂಚಿಕೆ ಜೆಸಿಬಿ, ಟಿಪ್ಪರ್, ರೋಲರ್, ಮತ್ತೆ ನಮ್ಮ ಕಡೆ ಯಾವ ಕಂಪನಿಯದಾದ್ರೂ 'ಹಿಟಾಚಿ' ಅಂತಲೇ ಕರೆಯೋ ಎಕ್ಸ್‌ಕವೇಟರ್ ಓಡಿಸೋರಿಗೆ, ರಿಪೇರಿ ಕಲಿಯೋರಿಗೆ.

ಕೆಲಸ ಜೋರಾಗಿ ನಡೀತಿರುತ್ತೆ. ಇದ್ದಕ್ಕಿದ್ದಂತೆ ಟೆಂಪರೇಚರ್ ಮೀಟರ್ ಕೆಂಪಿಗೆ ಹೋಗುತ್ತೆ, ಬಜರ್ ಕೂಗುತ್ತೆ. ಆಗ ಸೈಟ್‌ನಲ್ಲಿ ಎರಡು ಮಾತು ಕೇಳಿಬರುತ್ತೆ. ಒಂದು, 'ಸೆನ್ಸರ್ ಹೋಗಿರಬೇಕು ಬಿಡಿ, ಕೆಲಸ ಮುಗಿಸೋಣ.' ಇನ್ನೊಂದು, 'ಹೊಸ ಸೆನ್ಸರ್ ತಂದು ಹಾಕಿಬಿಡಿ.' ಎರಡೂ ಪರೀಕ್ಷೆ ಮಾಡದೆ ಆಡೋ ಮಾತೇ. ಮೊದಲನೆಯದರಿಂದ ಹೆಡ್ ಗ್ಯಾಸ್ಕೆಟ್ ಸುಟ್ಟು ಎಂಜಿನ್ ಸೀಜ್ ಆಗಬಹುದು. ಎರಡನೆಯದರಿಂದ ದುಡ್ಡು ಹೋಗುತ್ತೆ, ತೊಂದರೆ ಅಲ್ಲೇ ಉಳಿಯುತ್ತೆ.

ಮೊದಲು ಮೀಟರನ್ನ ನಂಬಿ

ಸೆನ್ಸರ್ ತಪ್ಪು ಅಂತ ಸಾಬೀತಾಗೋವರೆಗೂ ಅದು ಹೇಳ್ತಿರೋದು ನಿಜ ಅಂತಲೇ ಇಟ್ಟುಕೊಳ್ಳಿ. ಕೆಲಸ ನಿಲ್ಲಿಸಿ, ಬಕೆಟ್ ನೆಲಕ್ಕಿಳಿಸಿ. ಕೂಲಂಟ್ ಸೋರ್ತಿಲ್ಲ, ಫ್ಯಾನ್ ತಿರುಗ್ತಿದೆ ಅಂದ್ರೆ ಎಂಜಿನ್ನನ್ನ ಕಡಿಮೆ ಐಡಲ್‌ನಲ್ಲಿ ಬಿಟ್ಟು ತಣಿಯೋಕೆ ಬಿಡಿ. ಸೋರ್ತಿದ್ರೆ ಅಥವಾ ಬೆಲ್ಟ್ ಹರಿದಿದ್ರೆ ಕೂಡಲೇ ಆಫ್ ಮಾಡಿ. ಬಿಸಿಯಿರುವಾಗ ರೇಡಿಯೇಟರ್ ಮುಚ್ಚಳ ಮಾತ್ರ ತೆಗೀಬೇಡಿ. ಒಳಗಿನ ಕೂಲಂಟ್ ಒತ್ತಡದಲ್ಲಿರೋದ್ರಿಂದ 100 ಡಿಗ್ರಿ ದಾಟಿದ್ರೂ ಕುದಿಯದೇ ಇರುತ್ತೆ. ಮುಚ್ಚಳ ತೆಗೆದ ಕ್ಷಣ ಕುದಿದು ಮುಖಕ್ಕೇ ಚಿಮ್ಮುತ್ತೆ.

ತಣಿದ ಮೇಲೆ ಕೂಲಂಟ್ ಮಟ್ಟ, ಫ್ಯಾನ್ ಬೆಲ್ಟ್, ರೇಡಿಯೇಟರ್‌ಗೆ ಮೆತ್ತಿರೋ ಧೂಳು ನೋಡಿ. ಇಷ್ಟೂ ಸರಿಯಿದ್ರೆ ಆಗ ಸೆನ್ಸರ್ ಮೇಲೆ ಅನುಮಾನ ಪಡೋಣ.

ಈ ಸೆನ್ಸರ್ ಒಳಗೆ ಏನಿದೆ?

ಈಗಿನ ಬಹುಪಾಲು ಯಂತ್ರಗಳ ಕೂಲಂಟ್ ಸೆನ್ಸರ್ ಒಳಗಿರೋದು ಥರ್ಮಿಸ್ಟರ್. ಬಿಸಿ ಏರಿದ ಹಾಗೆ ಇದರ ರೆಸಿಸ್ಟೆನ್ಸ್ ಇಳಿಯುತ್ತೆ. ಹೆಚ್ಚು ಬಳಕೆಯಲ್ಲಿರೋ ಒಂದು ಬಗೆಯಲ್ಲಿ 20 ಡಿಗ್ರಿಗೆ ಸುಮಾರು 2,500 ಓಮ್, 80 ಡಿಗ್ರಿಗೆ ಸುಮಾರು 320 ಓಮ್ ಇರುತ್ತೆ. ನಿಮ್ಮ ಯಂತ್ರದ ಸರಿಯಾದ ಅಂಕಿ ಸರ್ವಿಸ್ ಮ್ಯಾನುಯಲ್‌ನಲ್ಲಿ ಸಿಗುತ್ತೆ.

ಎಂಜಿನ್ ಕಂಟ್ರೋಲರ್ ಈ ಸೆನ್ಸರ್‌ಗೆ ಒಂದು ರೆಸಿಸ್ಟರ್ ಮೂಲಕ 5 ವೋಲ್ಟ್ ಕೊಡುತ್ತೆ, ವಾಪಸ್ ಕಾಣೋ ವೋಲ್ಟೇಜ್ ನೋಡಿ ಬಿಸಿ ಎಷ್ಟು ಅಂತ ಲೆಕ್ಕ ಹಾಕುತ್ತೆ. ತಣ್ಣಗಿದ್ರೆ ವೋಲ್ಟೇಜ್ ಹೆಚ್ಚು, ಬಿಸಿಯಿದ್ರೆ ಕಡಿಮೆ. ಹಾಗಾಗಿ ವೈರ್ ತುಂಡಾದ್ರೆ ವೋಲ್ಟೇಜ್ 5ರ ಹತ್ತಿರ ಹೋಗಿ, ಕಂಟ್ರೋಲರ್‌ಗೆ ಎಂಜಿನ್ ಮಂಜುಗಡ್ಡೆಗಿಂತ ತಣ್ಣಗಿದೆ ಅನ್ನಿಸುತ್ತೆ. ಎರಡು ವೈರ್ ಒಂದಕ್ಕೊಂದು ತಾಗಿದ್ರೆ ವೋಲ್ಟೇಜ್ ಸೊನ್ನೆಯ ಹತ್ತಿರ ಬಂದು, ಎಂಜಿನ್ ಸುಡ್ತಿದೆ ಅನ್ನಿಸುತ್ತೆ. ಇಷ್ಟು ತಲೆಯಲ್ಲಿದ್ರೆ ಅರ್ಧ ಪತ್ತೇದಾರಿ ಮುಗಿದ ಹಾಗೆ.

ಕೋಡ್ ಓದೋದು ಹೇಗೆ?

ಜೆ 1939 ಪದ್ಧತಿ ಬಳಸೋ ಯಂತ್ರಗಳಲ್ಲಿ ಎಸ್‌ಪಿಎನ್ 110 ಅಂದ್ರೆ ಕೂಲಂಟ್ ಟೆಂಪರೇಚರ್. ಅದರ ಪಕ್ಕದ ಎಫ್‌ಎಂಐ ನಂಬರ್ ನೋಡಿ. 3 ಇದ್ರೆ ವೋಲ್ಟೇಜ್ ಅತಿ ಹೆಚ್ಚು, ಅಂದ್ರೆ ವೈರ್ ತುಂಡಾಗಿರಬಹುದು. 4 ಇದ್ರೆ ವೋಲ್ಟೇಜ್ ಅತಿ ಕಡಿಮೆ, ಶಾರ್ಟ್ ಆಗಿರಬಹುದು. 0 ಇದ್ರೆ ಕಂಟ್ರೋಲರ್ ದೃಷ್ಟಿಯಲ್ಲಿ ಸಿಗ್ನಲ್ ಸರಿಯಿದೆ, ಬಿಸಿಯೇ ಮಿತಿ ಮೀರಿದೆ. 0 ಕಂಡಾಗ ಸೆನ್ಸರ್ ಬಿಚ್ಚೋ ಮೊದಲು ಕೂಲಿಂಗ್ ವ್ಯವಸ್ಥೆಯನ್ನೇ ಹುಡುಕಿ.

ಮೂರು ಪರೀಕ್ಷೆ

ಮೊದಲನೆಯದಕ್ಕೆ ಖರ್ಚೇ ಇಲ್ಲ. ರಾತ್ರಿಯಿಡೀ ನಿಂತ ಯಂತ್ರದ ಕೀಯನ್ನ ಬೆಳಗ್ಗೆ ಬರೀ ಆನ್ ಮಾಡಿ, ಸ್ಟಾರ್ಟ್ ಮಾಡಬೇಡಿ. ಕೂಲಂಟ್, ಹೈಡ್ರಾಲಿಕ್ ಆಯಿಲ್, ಒಳಗೆ ಹೋಗೋ ಗಾಳಿ, ಈ ಸೆನ್ಸರ್‌ಗಳೆಲ್ಲ ಹೆಚ್ಚೂಕಡಿಮೆ ಒಂದೇ ಅಂಕಿ ತೋರಿಸಬೇಕು. ಎಲ್ಲವೂ 24, 25 ಅಂತಿರುವಾಗ ಒಂದು ಮಾತ್ರ 60 ಅಂದ್ರೆ, ಅನುಮಾನ ಯಾರ ಮೇಲೆ ಅಂತ ಹೇಳಬೇಕಾಗಿಲ್ಲ.

ಎರಡನೆಯದು ಕನೆಕ್ಟರ್ ಪರೀಕ್ಷೆ. ಕೀ ಆಫ್ ಮಾಡಿ, ಸೆನ್ಸರ್‌ನ ಕನೆಕ್ಟರ್ ಬಿಚ್ಚಿ, ಮತ್ತೆ ಕೀ ಆನ್ ಮಾಡಿ. ಎಫ್‌ಎಂಐ 3 ಬರಬೇಕು. ಆಮೇಲೆ ಮತ್ತೆ ಕೀ ಆಫ್ ಮಾಡಿ, ವೈರಿಂಗ್ ಕಡೆಯ ಎರಡು ಪಿನ್‌ಗಳನ್ನ ಸಣ್ಣ ಜಂಪರ್ ವೈರ್‌ನಿಂದ ಕೂಡಿಸಿ, ಆನ್ ಮಾಡಿದ್ರೆ 4 ಬರಬೇಕು. ಹೀಗೆ ಕೋಡ್ ಬದಲಾದ್ರೆ ವೈರಿಂಗ್, ಕಂಟ್ರೋಲರ್ ಎರಡೂ ಸರಿಯಿವೆ, ತಪ್ಪು ಸೆನ್ಸರ್‌ದು ಅಥವಾ ಅದರ ಪಿನ್‌ಗಳದು. ಬದಲಾಗದಿದ್ರೆ ಹೊಸ ಸೆನ್ಸರ್ ಹಾಕಿದ್ರೂ ಪ್ರಯೋಜನ ಇಲ್ಲ, ವೈರಿಂಗ್ ಹುಡುಕಬೇಕು. ಇಲ್ಲಿ ಸ್ಕ್ರೀನ್ ಮೇಲಿನ ಅಂಕಿಗಿಂತ ಕೋಡನ್ನೇ ನೋಡಿ. ಕೆಲವು ಕಂಟ್ರೋಲರ್‌ಗಳು ಸಿಗ್ನಲ್ ತಪ್ಪಿದಾಗ ತಮ್ಮದೇ ಒಂದು ಅಂಕಿ ತೋರಿಸ್ತವೆ. ಈ ಪರೀಕ್ಷೆ ಎರಡು ವೈರ್‌ನ ಸೆನ್ಸರ್‌ಗೆ ಮಾತ್ರ. ಹಳೇ ಯಂತ್ರಗಳ ಒಂದೇ ವೈರ್‌ನ ಸೆನ್ಸರ್‌ಗೆ ಎಂಜಿನ್ ಬಾಡಿಯೇ ಅರ್ಥ್. ಅದರ ಮರೆಗೆ ಟೆಫ್ಲಾನ್ ಟೇಪ್ ದಪ್ಪಗೆ ಸುತ್ತಿದ್ರೂ ಅರ್ಥ್ ಸಿಗದೆ ಸುಳ್ಳು ಅಂಕಿ ಬರಬಹುದು.

ಮೂರನೆಯದು ಹೊರಗಿನ ಸಾಕ್ಷಿ. ಇನ್‌ಫ್ರಾರೆಡ್ ಥರ್ಮಾಮೀಟರ್‌ನಿಂದ ಥರ್ಮೋಸ್ಟಾಟ್ ಹತ್ತಿರದ ಬಿಸಿ ಅಳೆದು ಮೀಟರ್ ಜೊತೆ ಹೋಲಿಸಿ. ಹೊಳೆಯೋ ಲೋಹದ ಮೇಲೆ ಅದು ಕಡಿಮೆ ತೋರಿಸುತ್ತೆ, ಅಲ್ಲಿ ಕಪ್ಪು ಟೇಪ್ ಅಂಟಿಸಿ ಅಳೆಯಿರಿ.

ತೊಂದರೆ ಬಂದು ಬಂದು ಹೋಗ್ತಿದ್ರೆ ವೈರನ್ನ ಮೆಲ್ಲಗೆ ಅಲುಗಾಡಿಸಿ, ಮೀಟರ್ ಕುಣಿಯುತ್ತಾ ನೋಡಿ. ದಿನವಿಡೀ ಅದುರೋ ಯಂತ್ರದಲ್ಲಿ ವೈರ್ ಸವೆಯೋದು ಸಹಜ. ಪ್ರೆಷರ್ ವಾಷ್ ಮಾಡುವಾಗ ಕನೆಕ್ಟರ್ ಒಳಗೆ ನೀರು ಸೇರಿ ಪಿನ್ ಹಸಿರುಗಟ್ಟೋದೂ ಉಂಟು.

ಮೀಟರ್ ತಣ್ಣಗಿದ್ರೂ ಅಪಾಯ

ಕೊನೆಯದಾಗಿ, ಹೆಚ್ಚಿನವರ ಗಮನಕ್ಕೆ ಬಾರದ ಒಂದು ಸಂಗತಿ. ಸೆನ್ಸರ್ ತುದಿ ಕೂಲಂಟ್‌ನಲ್ಲಿ ಮುಳುಗಿರಬೇಕು. ಕೂಲಂಟ್ ಸೋರಿ ಮಟ್ಟ ಇಳಿದ್ರೆ ತುದಿ ಗಾಳಿಯಲ್ಲಿ ಉಳಿಯುತ್ತೆ. ದ್ರವದಷ್ಟು ಚೆನ್ನಾಗಿ ಗಾಳಿ ಬಿಸಿ ಮುಟ್ಟಿಸಲ್ಲ. ಎಂಜಿನ್ ಒಳಗೆ ಸುಡ್ತಿದ್ರೂ ಮೀಟರ್ ನಾರ್ಮಲ್ ಅಂತಲೇ ತೋರಿಸಬಹುದು. ಇಲ್ಲಿ ಸೆನ್ಸರ್ ಕೆಟ್ಟಿಲ್ಲ, ಕೋಡೂ ಬರಲಿಕ್ಕಿಲ್ಲ. ಇದನ್ನ ಹಿಡಿಯೋಕೆ ಸುಲಭದ ದಾರಿ, ದಿನಾ ಬೆಳಗ್ಗೆ ಎಂಜಿನ್ ತಣ್ಣಗಿರುವಾಗ ಕೂಲಂಟ್ ಮಟ್ಟ ಕಣ್ಣಾರೆ ನೋಡೋದು.

ಎಂಜಿನ್ ಸೀಜ್ ಆದ ದಿನ ಮಾಲೀಕರು ಮೊದಲು ಕೇಳೋದು ಆಪರೇಟರ್‌ನ. 'ಮಟ್ಟ ನೋಡಿದ್ದೆ, ಮೀಟರ್ ಏರಿದ ಕೂಡಲೇ ನಿಲ್ಲಿಸಿದೆ, ಕೋಡ್ ಬರೆದಿಟ್ಟಿದ್ದೀನಿ' ಅಂತ ಹೇಳೋಕಾಗಬೇಕು. ಕೋಡ್ ಬಂದ ತಕ್ಷಣ ಮೊಬೈಲ್‌ನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಮೆಕ್ಯಾನಿಕ್‌ಗೂ ಅದರಿಂದ ದಾರಿ ಸಿಗುತ್ತೆ, ನಿಮಗೂ ಅದೇ ಸಾಕ್ಷಿ.

ಈ ಸಂಚಿಕೆಯನ್ನ ನಿಮ್ಮ ಸೈಟ್‌ನ ಗೆಳೆಯರಿಗೂ ಕಳಿಸಿ.