ಮಂದ್ರನಾದವೂ ಮಿತವ್ಯಯವೂ

ಸಂಗೀತವು ಕಿವಿಗೆ ಇಂಪು ಎಂದು ಹೇಳುವುದು ವಾಡಿಕೆ. ಆದರೆ ಡೊಳ್ಳಿನ ಮೇಳವನ್ನು ಹತ್ತಿರ ನಿಂತು ಕೇಳಿದವರು ಬಲ್ಲರು, ಕೆಲವು ನಾದಗಳನ್ನು ಕಿವಿಗಿಂತ ಮೊದಲು ಎದೆಯೇ ಕೇಳುತ್ತದೆ. ಗಣೇಶೋತ್ಸವದ ಮೆರವಣಿಗೆಯಲ್ಲಿ ಢೋಲು ತಾಶೆಗಳು ಮೊಳಗುವಾಗ ಮುಂಬಯಿಯ ಮಕ್ಕಳಾದ ನಮಗೆ ಈ ಅನುಭವವು ವರ್ಷಕ್ಕೊಮ್ಮೆ ತಪ್ಪದೆ ಒದಗುತ್ತದೆ. ಅಂತಹ ಗಂಭೀರನಾದವನ್ನು ಮನೆಯಲ್ಲಿಯೂ ಕೇಳಬೇಕೆಂಬ ಆಸೆ ತರುಣರಲ್ಲಿ ಹುಟ್ಟುವುದು ಸಹಜ. ಆಸೆ ದೊಡ್ಡದು, ಹಣದ ಚೀಲ ಚಿಕ್ಕದು. ಇವೆರಡಕ್ಕೂ ಸಂಧಾನ ಮಾಡುವ ಬಗೆ ಯಾವುದೆಂಬುದೇ ಈ ಲೇಖನದ ವಿಷಯ.

ಈ ವಿಷಯದಲ್ಲಿ ನಾವು ಮೊದಲು ಮೋಸಹೋದವರು. ಎರಡು ವರ್ಷಗಳ ಕೆಳಗೆ ನಾವು ಅಣ್ಣತಮ್ಮಂದಿರಿಬ್ಬರು, ಹಬ್ಬದಲ್ಲಿ ಹಿರಿಯರು ಕೊಟ್ಟ ಹಣವನ್ನೂ ಚಿಕ್ಕ ಮಕ್ಕಳಿಗೆ ಪಾಠ ಹೇಳಿ ಗಳಿಸಿದ ಹಣವನ್ನೂ ಕೂಡಿಟ್ಟು ಒಂದು ಜೊತೆ ಸ್ಪೀಕರುಗಳನ್ನು ಕೊಂಡೆವು. ಅವುಗಳ ಮೇಲೆ ‘2000 ವ್ಯಾಟ್’ ಎಂದು ದಪ್ಪ ಅಕ್ಷರಗಳಲ್ಲಿ ಅಚ್ಚಾಗಿತ್ತು. ಮೂರನೆಯ ತಿಂಗಳು ಒಂದು ಸಂಜೆ ಧ್ವನಿಯನ್ನು ಪೂರ್ತಿ ಏರಿಸಿದೆವು. ಮೊದಲು ಕರಕರ ಸದ್ದು, ಬಳಿಕ ಸುಟ್ಟ ವಾಸನೆ, ಆಮೇಲೆ ಮೌನ. ತಂದೆಯವರು ಬೈಯಲಿಲ್ಲ. “ಕೊಳ್ಳುವುದಕ್ಕೆ ಮೊದಲು ಓದಬೇಕಾದುದನ್ನು ಈಗಲಾದರೂ ಓದಿರಪ್ಪಾ” ಎಂದರು. ಹಾಗೆ ಓದಿ ತಿಳಿದುದನ್ನು ಇಲ್ಲಿ ಬರೆಯುತ್ತಿದ್ದೇವೆ.

ಸ್ಪೀಕರಿನ ರಚನೆ ಸರಳವಾದುದು. ಒಂದು ಅಯಸ್ಕಾಂತದ ನಡುವಣ ಸಂದಿನಲ್ಲಿ ತಂತಿಯ ಸುರುಳಿಯೊಂದಿದೆ. ಆ ಸುರುಳಿಗೆ ಕಾಗದದ ಅಥವಾ ಬೇರೆ ಹಗುರ ವಸ್ತುವಿನ ಶಂಕುವೊಂದು ಅಂಟಿಕೊಂಡಿದೆ. ಸುರುಳಿಯಲ್ಲಿ ವಿದ್ಯುತ್ತು ಹರಿದಾಗ ಅದು ಹಿಂದಕ್ಕೂ ಮುಂದಕ್ಕೂ ಚಲಿಸುತ್ತದೆ. ಶಂಕು ಗಾಳಿಯನ್ನು ತಳ್ಳುತ್ತದೆ. ಆ ತಳ್ಳುವಿಕೆಯೇ ನಾದ. ಇಂದಿನ ಮಾದರಿಯ ಸ್ಪೀಕರನ್ನು 1925ರಲ್ಲಿ ಅಮೆರಿಕೆಯ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ರೈಸ್ ಮತ್ತು ಕೆಲ್ಲಾಗ್ ಎಂಬ ಇಬ್ಬರು ವಿವರಿಸಿದರು. ಅದರ ಮೂಲತತ್ತ್ವ ಇಂದಿಗೂ ಬದಲಾಗಿಲ್ಲ.

ಹಾಗಾದರೆ ಮಂದ್ರನಾದವೇ ಏಕೆ ಕಷ್ಟ? ಮನುಷ್ಯನ ಕಿವಿ ಸುಮಾರು 20ರಿಂದ 20,000 ಹರ್ಟ್ಸ್‌ವರೆಗಿನ ಕಂಪನಗಳನ್ನು ಕೇಳಬಲ್ಲದು. ಬೇಸ್ ಗಿಟಾರಿನ ಅತಿ ಕೆಳಗಿನ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಅದರ ನಾದತರಂಗದ ಉದ್ದ 8 ಮೀಟರಿಗೂ ಹೆಚ್ಚು, ಎಂದರೆ ನಮ್ಮ ಕೋಣೆಗಿಂತ ದೊಡ್ಡದು! ಇಂತಹ ತರಂಗವನ್ನೆಬ್ಬಿಸಲು ಬಹಳ ಗಾಳಿಯನ್ನು ತಳ್ಳಬೇಕು. ಸ್ವರವು ಒಂದು ಸ್ಥಾಯಿ ಕೆಳಗಿಳಿದರೆ, ನಾದದ ಒತ್ತಡ ಅಷ್ಟೇ ಇರಬೇಕಾದರೆ, ಅದೇ ಶಂಕು 4 ಪಟ್ಟು ದೂರ ಚಲಿಸಬೇಕಾಗುತ್ತದೆ. ಎರಡು ಸ್ಥಾಯಿ ಇಳಿದರೆ 16 ಪಟ್ಟು. ಇದರ ಮೇಲೆ, ಮಂದ್ರಸ್ವರಗಳಿಗೆ ನಮ್ಮ ಕಿವಿಯೂ ಸ್ವಲ್ಪ ಮಂದ. ಇದನ್ನು ಫ್ಲೆಚರ್ ಮತ್ತು ಮನ್‌ಸನ್ ಎಂಬ ವಿಜ್ಞಾನಿಗಳು 1933ರಲ್ಲಿಯೇ ಅಳೆದು ತೋರಿಸಿದರು.

ಇದರಿಂದ ಮೊದಲನೆಯ ಪಾಠ ದೊರೆಯುತ್ತದೆ: ಶಂಕು ದೊಡ್ಡದಾಗಿರಬೇಕು. 4 ಅಂಗುಲದ ಶಂಕುವಿಗಿಂತ 8 ಅಂಗುಲದ್ದು ವಿಸ್ತೀರ್ಣದಲ್ಲಿ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಅಷ್ಟೇ ಗಾಳಿಯನ್ನು ತಳ್ಳಲು ಅದು ಕಾಲುಭಾಗ ಚಲಿಸಿದರೆ ಸಾಕು. ಅಂಗೈಯಗಲದ ಪೆಟ್ಟಿಗೆಯಿಂದ ಗುಡುಗನ್ನು ಬೇಡುವುದು ಕೊಡದಿಂದ ಕಡಲನ್ನು ಬೇಡಿದಂತೆ.

ಎರಡನೆಯ ಪಾಠ ವ್ಯಾಟಿನದು. ನಮ್ಮನ್ನು ಮರುಳು ಮಾಡಿದ ‘2000’ ಎಂಬ ಅಂಕೆ ಪಿ.ಎಂ.ಪಿ.ಓ. ಎಂಬ ಲೆಕ್ಕದ್ದು. ಇದಕ್ಕೆ ಎಲ್ಲರೂ ಒಪ್ಪಿದ ಅಳತೆಯೇ ಇಲ್ಲ; ಕ್ಷಣಮಾತ್ರದ ಉಬ್ಬರವನ್ನು ಮಾರುವವನು ತನಗೆ ಬೇಕಾದಂತೆ ಹಿಗ್ಗಿಸಿ ಬರೆಯಬಹುದು. ನಾವು ನೋಡಬೇಕಾದುದು ಆರ್.ಎಂ.ಎಸ್. ಎಂದು ಬರೆದಿರುವ, ನಿರಂತರವಾಗಿ ದೊರೆಯುವ ಶಕ್ತಿಯನ್ನು. ಅದೂ ಕಾಣದಿದ್ದರೆ ವಿದ್ಯಾರ್ಥಿಗಳಾದ ನಮಗೆ ತಿಳಿದ ಗುಣಾಕಾರವೇ ಸಾಕು. ಜೊತೆಗೆ ಕೊಡುವ ಅಡಾಪ್ಟರಿನ ಮೇಲೆ ‘12 ವೋಲ್ಟ್, 3 ಆಂಪಿಯರ್’ ಎಂದಿದ್ದರೆ, ಒಳಕ್ಕೆ ಹೋಗುವುದು 36 ವ್ಯಾಟ್. 36 ಒಳಹೋದಲ್ಲಿ 2000 ಎಡೆಬಿಡದೆ ಹೊರಬರುವುದೆಂತು?

ವ್ಯಾಟಿಗಿಂತಲೂ ಮುಖ್ಯವಾದ ಇನ್ನೊಂದು ಅಂಕೆ ಸ್ಪೀಕರಿನ ವಿವರಪತ್ರದಲ್ಲಿರುತ್ತದೆ. ಅದೇ ಸೂಕ್ಷ್ಮತೆ. ಒಂದು ವ್ಯಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್ ನಾದ ಬರುತ್ತದೆ ಎಂಬುದನ್ನು ಅದು ಹೇಳುತ್ತದೆ. 3 ಡೆಸಿಬೆಲ್ ಹೆಚ್ಚಿಸಬೇಕಾದರೆ ಶಕ್ತಿಯನ್ನು ಇಮ್ಮಡಿ ಮಾಡಬೇಕು. 10 ಡೆಸಿಬೆಲ್‌ಗೆ ಹತ್ತು ಪಟ್ಟು. ಆದುದರಿಂದ 84 ಡೆಸಿಬೆಲ್‌ನ ಸ್ಪೀಕರು 40 ವ್ಯಾಟ್ ಉಂಡು ಮಾಡುವ ಸದ್ದನ್ನು 90 ಡೆಸಿಬೆಲ್‌ನದು 10 ವ್ಯಾಟಿನಲ್ಲಿಯೇ ಮಾಡುತ್ತದೆ. ಸೂಕ್ಷ್ಮತೆಯುಳ್ಳ ಸ್ಪೀಕರನ್ನು ಆರಿಸಿದವನು ಆಂಪ್ಲಿಫೈಯರಿನ ಹಣವನ್ನು ಉಳಿಸಿದಂತೆಯೇ ಸರಿ.

ನಮ್ಮ ಸ್ಪೀಕರು ಏಕೆ ಸುಟ್ಟಿತೆಂಬುದೂ ಈಗ ತಿಳಿಯಿತು. ಮನೆಯ ಸ್ಪೀಕರುಗಳಲ್ಲಿ ವಿದ್ಯುತ್ತಿನ ನೂರರಲ್ಲಿ ಒಂದು ಪಾಲಿನಷ್ಟು ಮಾತ್ರ ನಾದವಾಗುತ್ತದೆ; ಮಿಕ್ಕುದೆಲ್ಲ ಶಾಖ. ದುರ್ಬಲವಾದ ಆಂಪ್ಲಿಫೈಯರನ್ನು ಅದರ ಮಿತಿಯನ್ನು ಮೀರಿ ಏರಿಸಿದರೆ ತರಂಗದ ಶಿಖರಗಳು ಕತ್ತರಿಸಿಹೋಗುತ್ತವೆ. ಆಗ ನಾದ ಕೆಡುವುದಲ್ಲದೆ ಸುರುಳಿಯ ಶಾಖವೂ ಏರುತ್ತದೆ. ಕರಕರ ಸದ್ದು ಯಂತ್ರದ ಮೊರೆ. ಆ ಮೊರೆಯನ್ನು ಕೇಳಿದೊಡನೆ ಧ್ವನಿಯನ್ನು ಇಳಿಸಬೇಕಾಗಿತ್ತು. ನಾವು ಇಳಿಸಲಿಲ್ಲ.

ಮೂರನೆಯ ಪಾಠ ಪೆಟ್ಟಿಗೆಯದು. ಶಂಕು ಮುಂದಕ್ಕೆ ಗಾಳಿಯನ್ನು ತಳ್ಳುವಾಗ ಹಿಂದೆ ಅದನ್ನು ಎಳೆಯುತ್ತದೆ. ಎರಡೂ ಕಲೆತರೆ ಮಂದ್ರನಾದ ಅಳಿದುಹೋಗುತ್ತದೆ. ಇದನ್ನು ತಡೆಯಲೆಂದೇ ಪೆಟ್ಟಿಗೆ. ಪೆಟ್ಟಿಗೆಯಲ್ಲಿ ಎರಡು ಬಗೆ. ಮೊದಲನೆಯದು ಪೂರ್ತಿ ಮುಚ್ಚಿದುದು. 1954ರಲ್ಲಿ ಎಡ್ಗರ್ ವಿಲ್ಚುರ್ ಎಂಬವರು ಇದನ್ನು ಚಿಕ್ಕ ಗಾತ್ರದಲ್ಲಿ ಸಾಧಿಸಿ ಮಾರುಕಟ್ಟೆಗೆ ತಂದರು. ಎರಡನೆಯದು ಒಂದು ರಂಧ್ರವುಳ್ಳದ್ದು. ಖಾಲಿ ಸೀಸೆಯ ಬಾಯಿಗೆ ಊದಿದರೆ ಗಂಭೀರಸ್ವರ ಬರುವುದಲ್ಲವೆ? ಅದೇ ತತ್ತ್ವದಿಂದ ಈ ರಂಧ್ರವು ಮಂದ್ರಕ್ಕೆ ಬಲ ಕೊಡುತ್ತದೆ. ಕಡಿಮೆ ಹಣದಲ್ಲಿ ಹೆಚ್ಚು ಸದ್ದು ಬಯಸುವವರಿಗೆ ಎರಡನೆಯದು ಹಿತ; ಬಿಗಿಯಾದ, ಸ್ಪಷ್ಟವಾದ ಮಂದ್ರ ಬೇಕಾದವರಿಗೆ ಮೊದಲನೆಯದು.

ಇಲ್ಲಿ ಹಾಫ್‌ಮನ್ ಎಂಬ ತಜ್ಞರ ‘ಕಬ್ಬಿಣದ ನಿಯಮ’ವನ್ನು ನೆನಪಿಡಬೇಕು. ಆಳವಾದ ಮಂದ್ರ, ಹೆಚ್ಚಿನ ಸೂಕ್ಷ್ಮತೆ, ಚಿಕ್ಕ ಪೆಟ್ಟಿಗೆ – ಈ ಮೂರರಲ್ಲಿ ಎರಡನ್ನು ಪಡೆಯಬಹುದು, ಮೂರನ್ನೂ ಪಡೆಯಲಾಗದು. ಹಣವಿಲ್ಲದವನು ಜಾಗವನ್ನು ಕೊಡಬೇಕು. ಅವನ ಪೆಟ್ಟಿಗೆ ದೊಡ್ಡದಾಗಿಯೇ ಇರಬೇಕು.

ಇನ್ನು ಕೊಳ್ಳುವ ಬಗೆ. ದೊಡ್ಡ ಪೆಟ್ಟಿಗೆಗಳು ಹೊಸವಾದರೆ ಬೆಲೆ ಹೆಚ್ಚು; ಹಳೆಯವು ಅಗ್ಗವಾಗಿ ದೊರೆಯುತ್ತವೆ, ಏಕೆಂದರೆ ನಗರದ ಮನೆಗಳಲ್ಲಿ ಅವುಗಳಿಗೆ ಸ್ಥಳವಿಲ್ಲ. ಹಳೆಯದನ್ನು ಕೊಳ್ಳುವಾಗ ಶಂಕುವಿನ ಅಂಚನ್ನು ಬೆರಳಿನಿಂದ ಮುಟ್ಟಿ ನೋಡಬೇಕು. ಫೋಮಿನ ಅಂಚು ವರ್ಷಗಳು ಕಳೆದಂತೆ ಪುಡಿಯಾಗುತ್ತದೆ. ರಬ್ಬರಿನದು ಹೆಚ್ಚು ಬಾಳುತ್ತದೆ. ಶಂಕುವನ್ನು ಮೆಲ್ಲನೆ ಸಮನಾಗಿ ಒತ್ತಿದಾಗ ಒಳಗೆ ಉಜ್ಜುವ ಸದ್ದು ಬಂದರೆ ಸುರುಳಿ ಕೆಟ್ಟಿದೆಯೆಂದು ತಿಳಿಯಬೇಕು. ನಮಗೆ ಚೆನ್ನಾಗಿ ತಿಳಿದ ಹಾಡೊಂದನ್ನು ಒಯ್ದು ಅಂಗಡಿಯಲ್ಲಿಯೇ ಕೇಳಿ ನೋಡಬೇಕು. ಜಾಗ ತೀರ ಇಲ್ಲದವರು ಎರಡು ಸಣ್ಣ ಸ್ಪೀಕರುಗಳ ಜೊತೆಗೆ ಒಂದು ಸಬ್‌ವೂಫರ್ ಇಡಬಹುದು. ಸುಮಾರು 80 ಹರ್ಟ್ಸ್‌ಗಿಂತ ಕೆಳಗಿನ ನಾದ ಯಾವ ದಿಕ್ಕಿನಿಂದ ಬಂತೆಂದು ಕಿವಿ ಸುಲಭವಾಗಿ ಗುರುತಿಸಲಾರದು. ಆದುದರಿಂದ ಅದಕ್ಕೆ ಒಂದೇ ಪೆಟ್ಟಿಗೆ ಸಾಕು.

ಕಾಸೂ ಖರ್ಚಿಲ್ಲದ ಉಪಾಯವೊಂದಿದೆ. ಪೆಟ್ಟಿಗೆಯನ್ನು ಗೋಡೆಯ ಸಮೀಪಕ್ಕೆ ಅಥವಾ ಮೂಲೆಗೆ ಸರಿಸಿದರೆ ಮಂದ್ರ ಹೆಚ್ಚುತ್ತದೆ. ಅತಿಯಾಗಿ ಮೂಲೆ ಸೇರಿದರೆ ನಾದ ಗುಂಯ್‌ಗುಡುತ್ತದೆ. ಆದುದರಿಂದ ಗೇಣುಗೇಣಾಗಿ ಸರಿಸಿ, ಕುಳಿತು ಕೇಳಿ, ಸ್ಥಳವನ್ನು ನಿಶ್ಚಯಿಸಬೇಕು.

ಈ ಕ್ರಮದಿಂದ ನಾವು ಒಂದು ವರ್ಷ ಹಣ ಕೂಡಿಸಿ, 8 ಅಂಗುಲದ ಶಂಕುಗಳುಳ್ಳ ಹಳೆಯ ಪೆಟ್ಟಿಗೆಗಳನ್ನೂ 20 ವ್ಯಾಟಿನ ಹಳೆಯ ಆಂಪ್ಲಿಫೈಯರನ್ನೂ ತಂದೆವು. ಮೊದಲ ದಿನ ಮನೆ ನಡುಗಿತು. ಮರುದಿನ ನೆರೆಮನೆಯ ಅಜ್ಜಿ ಬಾಗಿಲಲ್ಲಿ ನಿಂತು, “ಮಕ್ಕಳೇ, ನಿಮ್ಮ ಹಾಡು ನನಗೆ ಕೇಳಿಸಲಿಲ್ಲ, ಗೋಡೆ ಮಾತ್ರ ರಾತ್ರಿಯೆಲ್ಲ ಗುದ್ದಿತು” ಎಂದರು. ಅವರ ಮಾತು ವಿಜ್ಞಾನಕ್ಕೆ ಸರಿಯಾಗಿಯೇ ಇತ್ತು. ತಾರಸ್ವರಗಳನ್ನು ಗೋಡೆ ತಡೆಯುತ್ತದೆ, ಮಂದ್ರವನ್ನು ತಡೆಯಲಾರದು. ನಮಗೆ ಸಂಗೀತವಾದುದು ಅವರಿಗೆ ಬರಿಯ ಗುದ್ದಾಗಿತ್ತು. ನಮ್ಮ ದೇಶದ 2000ನೆಯ ಇಸವಿಯ ಶಬ್ದಮಾಲಿನ್ಯ ನಿಯಮಗಳು ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ವಸತಿಪ್ರದೇಶಗಳಿಗೆ 45 ಡೆಸಿಬೆಲ್‌ಗಳ ಮಿತಿಯನ್ನು ಹಾಕಿವೆ. ಆದರೆ ನಮ್ಮನ್ನು ತಿದ್ದಿದ್ದು ನಿಯಮವಲ್ಲ, ನಿದ್ದೆಯಿಲ್ಲದೆ ಕೆಂಪೇರಿದ ಆ ಕಣ್ಣುಗಳು. ಅಂದಿನಿಂದ ರಾತ್ರಿ 9ರ ಬಳಿಕ ಮಂದ್ರವನ್ನು ಇಳಿಸುತ್ತೇವೆ. ಪೆಟ್ಟಿಗೆಗಳನ್ನೂ ಅವರ ಗೋಡೆಯಿಂದ ಆಚೆಗೆ ಸರಿಸಿದ್ದೇವೆ.

ಮಿತ್ರರೆ, ಸುಟ್ಟ ಸ್ಪೀಕರಿಗೆ ಬದಲು ಇನ್ನೊಂದನ್ನು ತರಬಹುದು. ಕಿವಿಯೊಳಗಿನ ಸೂಕ್ಷ್ಮ ಕೇಶಕೋಶಗಳು ಒಮ್ಮೆ ನಾಶವಾದರೆ ಮತ್ತೆ ಹುಟ್ಟುವುದಿಲ್ಲ. 80 ಡೆಸಿಬೆಲ್ ನಾದವನ್ನು ವಾರಕ್ಕೆ 40 ಗಂಟೆ, 90 ಡೆಸಿಬೆಲ್ ಆದರೆ ಕೇವಲ 4 ಗಂಟೆ ಕೇಳಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮಕ್ಕಳಿಗೆ ಮಿತಿ ಇನ್ನೂ ಕಡಿಮೆ. ಒಳ್ಳೆಯ ಸ್ಪೀಕರಿನ ಗುಣ ಅದು ಎಷ್ಟು ಕೂಗಬಲ್ಲದೆಂಬುದರಲ್ಲಿ ಮಾತ್ರವಿಲ್ಲ. ಮೆಲ್ಲನೆ ನುಡಿಸಿದಾಗಲೂ ಮೃದಂಗದ ಎಡಗೈಯ ಪೆಟ್ಟು ಸ್ಪಷ್ಟವಾಗಿ ಕೇಳಿಸುವುದರಲ್ಲಿದೆ. ಈಗ ಕೆಲವು ಸಂಜೆ ಆ ಅಜ್ಜಿಯೂ ನಮ್ಮ ಮನೆಗೆ ಬಂದು ಕುಳಿತು ಕೇಳುತ್ತಾರೆ. ನಮ್ಮ ಹಣ ಸಾರ್ಥಕವಾಯಿತೆಂದು ಆಗ ನಮಗೆ ಅನ್ನಿಸುತ್ತದೆ.