ಡಾಕ್ಟರ್ ಮಗಳು ‘ರಿಸರ್ಚ್ ಮಾಡ್ತೀನಿ’ ಅಂದಾಗ

ಈ ವಾರ ಕಾಯಿಲೆ, ಪಥ್ಯ ಎರಡೂ ಬೇಡ. ಡಾಕ್ಟರ್ ಓದುತ್ತಿರುವ ನಮ್ಮ ಮಕ್ಕಳ ವಿಷಯ ಬರೆಯುತ್ತೇನೆ.

ನನ್ನ ತಂಗಿಯ ಮನೆ ಡೊಂಬಿವಲಿಯಲ್ಲಿದೆ. ಅವಳ ಮಗಳು ಎಂ.ಡಿ. ಮುಗಿಸಿದ್ದಾಳೆ. ಖಾಸಗಿ ಆಸ್ಪತ್ರೆಯೊಂದರಿಂದ ಕೆಲಸಕ್ಕೆ ಕರೆ ಬಂದಿತ್ತು, ಮನೆ ಸಾಲದ ಕಂತು ಇನ್ನೂ ನಡೆಯುತ್ತಿದೆ. ಅಷ್ಟರಲ್ಲಿ ಹುಡುಗಿ ಸಂಶೋಧನೆಯ ಫೆಲೋಶಿಪ್‌ಗೆ ಅರ್ಜಿ ಹಾಕುತ್ತೇನೆ ಎಂದಳು. ಅವಳ ಅಪ್ಪ ನನಗೆ ಫೋನ್ ಮಾಡಿ, “ಭಾವ, ಇಷ್ಟು ವರ್ಷ ಓದಿಸಿದ್ದಾಯ್ತು. ಇನ್ನೂ ಸ್ಕಾಲರ್‌ಶಿಪ್ ಕೇಳ್ಕೊಂಡು ಓಡಾಡ್ಬೇಕಾ? ನೀವಾದ್ರೂ ಹೇಳಿ” ಎಂದರು.

ನಾನು ಅವರಿಗೆ ಮದ್ರಾಸಿನ ಕಥೆ ಹೇಳಿದೆ. ನಮ್ಮ ಅಜ್ಜಂದಿರ ಕಾಲದಲ್ಲಿ ಕ್ಷಯ ಬಂದವರನ್ನು ತಿಂಗಳುಗಟ್ಟಲೆ ಸ್ಯಾನಿಟೋರಿಯಂನಲ್ಲಿ ಇಡುತ್ತಿದ್ದರು. ಹಾಸಿಗೆಗಳು ಕಡಿಮೆ, ರೋಗಿಗಳು ಲಕ್ಷಗಟ್ಟಲೆ. 1956ರಲ್ಲಿ ಮದ್ರಾಸಿನಲ್ಲಿ ಶುರುವಾದ ಕೇಂದ್ರದ ವೈದ್ಯರು ಒಂದೇ ಪ್ರಶ್ನೆ ಹಿಡಿದರು: ಮನೆಯಲ್ಲೇ ಇಟ್ಟು ಮಾತ್ರೆ ಕೊಟ್ಟರೆ ಸಾಲದೇ? ಕೆಲವು ರೋಗಿಗಳಿಗೆ ಸ್ಯಾನಿಟೋರಿಯಂ, ಉಳಿದವರಿಗೆ ಅವರವರ ಇಕ್ಕಟ್ಟಾದ ಮನೆ, ಔಷಧ ಮಾತ್ರ ಒಂದೇ. 1959ರಲ್ಲಿ ಫಲಿತಾಂಶ ಬಂತು. ಮನೆಯಲ್ಲಿದ್ದವರೂ ಹೆಚ್ಚುಕಡಿಮೆ ಅಷ್ಟೇ ಚೆನ್ನಾಗಿ ಗುಣವಾಗಿದ್ದರು. ಇವತ್ತು ಟಿ.ಬಿ. ರೋಗಿ ಮನೆಯಲ್ಲೇ ಮಾತ್ರೆ ನುಂಗುವುದಕ್ಕೆ ದಾರಿ ಮಾಡಿದ ಸಂಶೋಧನೆಗಳಲ್ಲಿ ಇದು ದೊಡ್ಡದು. ರೋಗಿಯನ್ನು ನೋಡುವವರೇ ಇಂಥ ಪ್ರಶ್ನೆ ಕೇಳಬಲ್ಲರು. ಆದರೆ ಅದಕ್ಕೆ ಸಮಯ ಬೇಕು. ಫೆಲೋಶಿಪ್ ಅಂದರೆ ಆ ಸಮಯದ ಖರ್ಚು.

ಸೊಸೆಯ ಮೊದಲ ಅರ್ಜಿ ತಿರಸ್ಕಾರವಾಯಿತು. ‘ಕ್ಷಯರೋಗಿಗಳಲ್ಲಿ ಮಧುಮೇಹ: ಒಂದು ಅಧ್ಯಯನ’ ಎಂದು ಬರೆದಿದ್ದಳು. ಓದಿ ನಾನೂ ಭೇಷ್ ಅಂದಿದ್ದೆ, ತಪ್ಪು ನನ್ನದೂ ಹೌದು. ಪರಿಶೀಲಕರು ಕೇಳಿದ್ದು ಇಷ್ಟೇ: ಇದರಿಂದ ಈಗ ಗೊತ್ತಿಲ್ಲದ್ದು ಏನು ಗೊತ್ತಾಗುತ್ತದೆ? ಎರಡು ದಿನ ಅತ್ತಳು. ಆಮೇಲೆ ವಾರ್ಡಿನಲ್ಲಿ ತಾನು ಕಂಡದ್ದನ್ನೇ ಬರೆದಳು. ಟಿ.ಬಿ. ಪತ್ತೆಯಾದಾಗ ಏರಿದ್ದ ಸಕ್ಕರೆ, ಚಿಕಿತ್ಸೆ ಸಾಗಿದಂತೆ ಕೆಲವರಲ್ಲಿ ತಾನಾಗಿ ಇಳಿಯುತ್ತದೆ, ಕೆಲವರಲ್ಲಿ ಉಳಿದೇ ಬಿಡುತ್ತದೆ. ಯಾರಲ್ಲಿ ಇಳಿಯುತ್ತದೆ ಎಂದು ಮೊದಲೇ ಹೇಳಲು ಆಗುತ್ತದೆಯೇ? ಆದರೆ ಎಷ್ಟೋ ಜನಕ್ಕೆ ಸಕ್ಕರೆ ಮಾತ್ರೆಯ ಹಣೆಪಟ್ಟಿ ತಪ್ಪೀತು.

ಪ್ರಶ್ನೆ ಚೆನ್ನಾಗಿದ್ದರೆ ಸಾಲದು. ‘ವಾರದಲ್ಲಿ ಇಷ್ಟು ದಿನ ಸಂಶೋಧನೆಗೆ ಬಿಡುತ್ತೇವೆ’ ಎಂದು ಅವಳು ಕೆಲಸ ಮಾಡುವ ಸಂಸ್ಥೆ ಬರೆದುಕೊಡಬೇಕು. ಈ ಪತ್ರಕ್ಕೇ ಅವಳು ಮೂರು ತಿಂಗಳು ಅಲೆದಳು. ಹಣ ಬಂದ ಮೇಲೂ ದಿನವಿಡೀ ಓಪಿಡಿಯಲ್ಲೇ ಕೂರಿಸಿದರೆ ಫೆಲೋಶಿಪ್ ಹೆಸರಿಗೆ ಮಾತ್ರ. ಮಾರ್ಗದರ್ಶಕರನ್ನು ಹುಡುಕುವಾಗಲೂ ದೊಡ್ಡ ಹೆಸರು ನೋಡಿ ಮರುಳಾಗಬೇಡಿ. ಕರಡನ್ನು ಕೂತು ಓದಿ ಕೆಂಪು ಗೀಟು ಹಾಕುವವರು ಸಿಕ್ಕರೆ ಅದೇ ಪುಣ್ಯ.

ನಿಮ್ಮ ಮಕ್ಕಳು ಇನ್ನೂ ಎಂಬಿಬಿಎಸ್‌ನಲ್ಲಿದ್ದರೆ ಐಸಿಎಂಆರ್‌ನ ಅಲ್ಪಾವಧಿ ಸ್ಟೂಡೆಂಟ್‌ಶಿಪ್ ನೋಡಿ. 1979ರಿಂದ ಇದೆ. ತಮ್ಮ ಕಾಲೇಜಿನ ಅಧ್ಯಾಪಕರೊಬ್ಬರ ಕೈಕೆಳಗೆ ಎರಡು ತಿಂಗಳ ಸಣ್ಣ ಕೆಲಸ. ವರದಿ ಒಪ್ಪಿಗೆಯಾದ ಮೇಲೆಯೇ ಹಣ, ಹಾಗಾಗಿ ಕಾಲೇಜು ಫೀಸಿಗೆ ಅದನ್ನು ನಂಬಬೇಡಿ. ಎಂ.ಡಿ. ಆದವರಿಗೆ ಇಂಡಿಯಾ ಅಲಯನ್ಸ್ ಇದೆ. ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ ಮತ್ತು ಬ್ರಿಟನ್ನಿನ ವೆಲ್‌ಕಮ್ ಟ್ರಸ್ಟ್ ಸೇರಿ 2008ರಲ್ಲಿ ಕಟ್ಟಿದ್ದು, ಕಚೇರಿ ಹೈದರಾಬಾದಿನಲ್ಲಿ. ರೋಗಿಗಳನ್ನು ನೋಡುವ ವೈದ್ಯರಿಗೆಂದೇ ಅದರಲ್ಲಿ ಪ್ರತ್ಯೇಕ ಫೆಲೋಶಿಪ್‌ಗಳಿವೆ. ಮೊತ್ತ, ಕೊನೆಯ ದಿನಾಂಕ ಬದಲಾಗುತ್ತಿರುತ್ತವೆ. ಅಧಿಕೃತ ಪ್ರಕಟಣೆ ನೋಡಿ, ಫಾರ್ವರ್ಡ್ ನಂಬಬೇಡಿ. ನನ್ನದನ್ನೂ ಸೇರಿಸಿ!

ಅಮೆರಿಕದಲ್ಲಿರುವ ಬಂಧುಗಳು “ಇಲ್ಲಿ ಎಂ.ಡಿ.-ಪಿಎಚ್‌.ಡಿ. ಪುಕ್ಕಟೆ” ಅನ್ನುತ್ತಾರೆ. 1964ರಿಂದ ಅಲ್ಲಿನ ಸರ್ಕಾರದ ಹಣದಲ್ಲಿ ಅಂಥ ಕೋರ್ಸ್ ನಡೆಯುತ್ತಿರುವುದು ನಿಜ. ಆದರೆ ಆ ಸರ್ಕಾರಿ ತರಬೇತಿ ಹಣ ಅಲ್ಲಿನ ಪ್ರಜೆಗಳಿಗೆ, ಗ್ರೀನ್ ಕಾರ್ಡ್ ಇರುವವರಿಗೆ. ಇಲ್ಲಿಂದ ಹೋಗುವ ಮಕ್ಕಳು ಇದನ್ನು ತಿಳಿದೇ ಹೊರಡಲಿ.

ಸೊಸೆಯ ಎರಡನೇ ಅರ್ಜಿ ಇಂಟರ್ವ್ಯೂವರೆಗೆ ಬಂದಿದೆ. ಮುಂದಿನ ತಿಂಗಳು ಇದೆ. ಕಳೆದ ಭಾನುವಾರ ನಮ್ಮ ಮನೆಯಲ್ಲಿ ಅಭ್ಯಾಸ ನಡೆಯಿತು. ನಾನು ಪರೀಕ್ಷಕ, ನನ್ನ ಹೆಂಡತಿ ಗಡಿಯಾರ ಹಿಡಿದವಳು. ಅವಳ ಅಪ್ಪ ಮೂಲೆಯಲ್ಲಿ ಚಹಾ ಕುಡಿಯುತ್ತಾ ಕೂತಿದ್ದವರು ನಡುವೆ ಬಾಯಿ ಹಾಕಿ, “ಪುಟ್ಟಿ, ಆ ಸಕ್ಕರೆ ಇಳಿಯೋದು ಯಾಕೆ ಅನ್ನೋದು ನನಗೆ ಅರ್ಥ ಆಗ್ಲಿಲ್ಲ, ಇನ್ನೊಂದ್ಸಲ ಹೇಳು” ಎಂದರು. ಅವಳು ಮೊದಲಿನಿಂದ ಶುರು ಮಾಡಿದಳು.