ಹೆದ್ದಾರಿಯ ಪಕ್ಕದ ಹೊಲ: ಮಾರುವವರು, ಕೊಳ್ಳುವವರು, ಬಾಡಿಗೆಗಿರುವವರು

ಪುಣೆ–ಬೆಂಗಳೂರು ರಾಷ್ಟ್ರೀಯ ಹೆದ್ದಾರಿಯಲ್ಲಿ ಹುಬ್ಬಳ್ಳಿಯಿಂದ ಹಾವೇರಿಯತ್ತ ಪಯಣಿಸುವವರಿಗೆ ಶಿಗ್ಗಾಂವಿ ತಾಲೂಕಿನ ಗೊಟಗೋಡಿ ಅಪರಿಚಿತ ಊರೇನಲ್ಲ. ಕಲಾವಿದ ಟಿ.ಬಿ. ಸೊಲಬಕ್ಕನವರ ಕಲ್ಪನೆಯಲ್ಲಿ ಮೈದಳೆದ ಉತ್ಸವ ರಾಕ್ ಗಾರ್ಡನ್ ಇಲ್ಲಿದೆ. ಉತ್ತರ ಕರ್ನಾಟಕದ ಹಳ್ಳಿಯ ಬದುಕನ್ನು ಅಲ್ಲಿ ಶಿಲ್ಪಗಳಲ್ಲಿ ಹಿಡಿದಿಡಲಾಗಿದೆ. 2011ರಲ್ಲಿ ಸ್ಥಾಪನೆಗೊಂಡ ಕರ್ನಾಟಕ ಜಾನಪದ ವಿಶ್ವವಿದ್ಯಾಲಯದ ನೆಲೆಯೂ ಈ ಊರೇ ಆಗಿದೆ. ಹೀಗೆ ಹಳೆಯ ಹಳ್ಳಿಯ ನೆನಪನ್ನು ಕಾಪಾಡುವ ಎರಡು ಸಂಸ್ಥೆಗಳು ನೆಲೆಸಿರುವ ಊರಿನಲ್ಲಿಯೇ, ಹಳ್ಳಿ ತನ್ನ ರೂಪವನ್ನು ಬದಲಿಸಿಕೊಳ್ಳುವ ಹೊತ್ತೂ ಬಂದೊದಗಿದೆ.

ಹೆದ್ದಾರಿ ಮತ್ತು ವಿದ್ಯಾಸಂಸ್ಥೆ ಒಂದೆಡೆ ಕೂಡಿದಾಗ ಹೊಲವನ್ನು ನೋಡುವ ಕಣ್ಣೇ ಬೇರೆಯಾಗುತ್ತದೆ. ಗೋವಿನಜೋಳ, ಹತ್ತಿ, ಶೇಂಗಾ ಬೆಳೆದ ನೆಲವನ್ನು ಎಕರೆಯ ಲೆಕ್ಕ ಬಿಟ್ಟು ಗುಂಟೆಯ ಲೆಕ್ಕದಲ್ಲಿ, ಕೆಲವೇ ದಿನಗಳಲ್ಲಿ ಚದರ ಅಡಿಯ ಲೆಕ್ಕದಲ್ಲಿ ಅಳೆಯತೊಡಗುತ್ತಾರೆ. ಈ ಬದಲಾವಣೆ ಒಳಿತೇ ಕೆಡುಕೇ ಎಂಬ ಚರ್ಚೆ ಇಲ್ಲಿ ಬೇಡ. ಅದು ಮೂರು ಬಗೆಯ ಕುಟುಂಬಗಳ ಬಾಗಿಲನ್ನು ತಟ್ಟುತ್ತದೆ ಎಂಬುದು ಮುಖ್ಯ: ನೆಲವುಳ್ಳವರು, ನೆಲ ಕೊಳ್ಳಬಯಸುವವರು, ನೆಲವಿಲ್ಲದೆ ಬಾಡಿಗೆಗೆ ಇರುವವರು. ದಲ್ಲಾಳಿ ಬಾಗಿಲಿಗೆ ಬರುವ ಮೊದಲೇ ಮನೆಮಂದಿ ಒಟ್ಟಾಗಿ ಕುಳಿತು ತಮ್ಮ ಲೆಕ್ಕವನ್ನು ತಾವೇ ಬರೆದುಕೊಂಡಿದ್ದರೆ, ಬೆಲೆಯೇರಿಕೆ ವರವಾಗಬಹುದು. ಇಲ್ಲವಾದಲ್ಲಿ ಅದೇ ಬೆಲೆ ಮನೆಯನ್ನು ಒಡೆಯುವುದುಂಟು.

ವೈಟ್‌ಫೀಲ್ಡಿನ ಪಾಠ

ಇಂತಹ ಬದಲಾವಣೆ ನಮ್ಮ ನಾಡಿಗೆ ಹೊಸದಲ್ಲ. ಬೆಂಗಳೂರಿನ ವೈಟ್‌ಫೀಲ್ಡ್ ಇದಕ್ಕೆ ನಿದರ್ಶನ. 1882ರಲ್ಲಿ ಮೈಸೂರಿನ ಹತ್ತನೆಯ ಚಾಮರಾಜೇಂದ್ರ ಒಡೆಯರು ನೀಡಿದ ಭೂಮಿಯಲ್ಲಿ ಆಂಗ್ಲೋ-ಇಂಡಿಯನ್ ಕ್ರೈಸ್ತ ಕುಟುಂಬಗಳು ಒಕ್ಕಲುತನ ಮಾಡಿ ಬಾಳಲೆಂದು ಹುಟ್ಟಿದ ಊರು ಅದು. ಒಂದು ಶತಮಾನಕ್ಕೂ ಮಿಗಿಲಾಗಿ ಅದು ತೋಟ ಮತ್ತು ಬಂಗಲೆಗಳ ಪ್ರಶಾಂತ ಹಳ್ಳಿಯಾಗಿಯೇ ಉಳಿದಿತ್ತು. 1990ರ ದಶಕದಲ್ಲಿ ಅದರ ಬಳಿ ಅಂತರರಾಷ್ಟ್ರೀಯ ತಂತ್ರಜ್ಞಾನ ಉದ್ಯಾನ ತಲೆಯೆತ್ತಿತು. 2023ರ ಮಾರ್ಚಿನಲ್ಲಿ ಮೆಟ್ರೋ ರೈಲೂ ಬಂದಿತು. ಇಂದು ಆ ಊರಿನ ಹಳೆಯ ಚಹರೆಯನ್ನು ಹುಡುಕಿ ನೋಡಬೇಕು.

ಗೊಟಗೋಡಿ ವೈಟ್‌ಫೀಲ್ಡ್ ಆಗುತ್ತದೆಂದು ಯಾರೂ ಹೇಳಲಾರರು. ಆದರೆ ಅಂತಹ ಊರುಗಳೆಲ್ಲ ಕಲಿಸುವ ಪಾಠ ಒಂದೇ: ಬೆಲೆಯೇರಿಕೆಯ ಮೊದಲ ದಿನಗಳಲ್ಲಿ ಅವಸರದಿಂದ ಮಾರಿದವನಿಗೆ ಮುಂದಿನ ಏರಿಕೆಯಲ್ಲಿ ಪಾಲಿಲ್ಲ. ಏರಿಕೆ ಎಂದೂ ನಿಲ್ಲದೆಂದು ನಂಬಿ ಸಾಲ ಮಾಡಿ ಕೊಂಡವನಿಗೆ ನೆಮ್ಮದಿಯಿಲ್ಲ.

ನೆಲವುಳ್ಳವರಿಗೆ

ಮೊದಲು ಅಳತೆಯನ್ನು ತಿಳಿಯೋಣ. ಒಂದು ಎಕರೆಗೆ 40 ಗುಂಟೆ. ಒಂದು ಗುಂಟೆಗೆ 1,089 ಚದರ ಅಡಿ. ಎಕರೆಗೆ 43,560 ಚದರ ಅಡಿ. ರಸ್ತೆ, ಉದ್ಯಾನ, ಸಾರ್ವಜನಿಕ ಸೌಲಭ್ಯಗಳಿಗೆ ಅರ್ಧದಷ್ಟು ಬಿಟ್ಟರೂ 30×40 ಅಡಿಯ 18 ಪ್ಲಾಟುಗಳು ಉಳಿಯುತ್ತವೆ. ಎಕರೆಗೆ ಇಷ್ಟು ಎಂದು ದಲ್ಲಾಳಿ ಹೇಳುವ ಬೆಲೆಯನ್ನು ಈ 18ರಿಂದ ಭಾಗಿಸಿ, ಆ ಸುತ್ತಿನಲ್ಲಿ ಒಂದು ಪ್ಲಾಟು ಮಾರಾಟವಾಗುವ ಬೆಲೆಯೊಡನೆ ಹೋಲಿಸಿದರೆ ನಡುವಿನ ಅಂತರ ಕಣ್ಣಿಗೆ ಕಾಣುತ್ತದೆ. ಬಿನ್‌ಶೇತ್ಕಿ, ರಸ್ತೆ, ಚರಂಡಿ, ವಿದ್ಯುತ್ತಿನ ಖರ್ಚು ಆ ಅಂತರದಲ್ಲಿ ಸೇರಿದೆ ಎಂಬುದು ನಿಜ. ಅದಾಗಿಯೂ ಲೆಕ್ಕ ಅರಿತವನು ಚೌಕಾಸಿಗೆ ಕುಳಿತರೆ ಮಾತಿನ ತೂಕವೇ ಬೇರೆ.

ಎರಡನೆಯದು, ನೆಲ ಯಾರದು ಎಂಬ ಪ್ರಶ್ನೆ. ಉತಾರದಲ್ಲಿ ಒಬ್ಬರ ಹೆಸರಿದ್ದ ಮಾತ್ರಕ್ಕೆ ಹಕ್ಕು ಒಬ್ಬರದೇ ಆಗುವುದಿಲ್ಲ. ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಸಮಪಾಲುಂಟೆಂದು 2005ರ ತಿದ್ದುಪಡಿ ಹೇಳುತ್ತದೆ. ತಂದೆ ಅದಕ್ಕೆ ಮೊದಲೇ ತೀರಿಕೊಂಡಿದ್ದರೂ ಈ ಹಕ್ಕಿಗೆ ಬಾಧೆಯಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2020ರಲ್ಲಿ ಸ್ಪಷ್ಟಪಡಿಸಿತು. ನಮ್ಮ ಕ್ರೈಸ್ತ ಕುಟುಂಬಗಳಿಗೆ ಅನ್ವಯಿಸುವುದು 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ. ಅದರಂತೆ ಮರಣಶಾಸನ ಬರೆಯದೆ ತೀರಿಕೊಂಡವನ ಆಸ್ತಿಯಲ್ಲಿ ಮೂರನೆಯ ಒಂದು ಭಾಗ ಪತ್ನಿಗೂ, ಉಳಿದ ಎರಡು ಭಾಗ ಗಂಡು ಹೆಣ್ಣೆಂಬ ಭೇದವಿಲ್ಲದೆ ಮಕ್ಕಳಿಗೆಲ್ಲ ಸಮನಾಗಿಯೂ ಸಲ್ಲುತ್ತವೆ. ಮದುವೆಯಾಗಿ ಹೋದ ಅಕ್ಕತಂಗಿಯರಿಗೆ ತಿಳಿಸದೆ ಸಂಚಕಾರ ಪಡೆದು, ಆಮೇಲೆ ಅವರ ಸಹಿಗಾಗಿ ಅಲೆಯುವುದು ಎಷ್ಟು ಮನೆಗಳಲ್ಲಿ ವೈರಕ್ಕೆ ಬೀಜವಾಗಿಲ್ಲ! ವಾಟ್ನಿಯ ಮಾತು ಮೊದಲು ಮುಗಿಯಲಿ, ಮಾರಾಟದ ಮಾತು ಆಮೇಲೆ ಬರಲಿ.

ಮೂರನೆಯದು, ಕೈಗೆ ಬಂದ ಹಣ. ಒಂದು ಎಕರೆ 40 ಲಕ್ಷ ರೂಪಾಯಿಗೆ ಮಾರಾಟವಾಯಿತು, ಪಾಲುದಾರರು ನಾಲ್ವರು ಎಂದು ಊಹಿಸಿಕೊಳ್ಳೋಣ. ತಲಾ 10 ಲಕ್ಷ. ಶೇ. 7ರ ಬಡ್ಡಿಗೆ ಇಟ್ಟರೆ ವರ್ಷಕ್ಕೆ 70,000, ಅಂದರೆ ತಿಂಗಳಿಗೆ ಸುಮಾರು 5,800 ರೂಪಾಯಿ. ಬಡ್ಡಿಯನ್ನೆಲ್ಲ ಖರ್ಚು ಮಾಡುತ್ತ ಹೋದರೆ, ವಸ್ತುಗಳ ಬೆಲೆ ವರ್ಷಕ್ಕೆ ಶೇ. 5ರಂತೆ ಏರಿದರೂ ಸುಮಾರು 14 ವರ್ಷಗಳಲ್ಲಿ ಆ 10 ಲಕ್ಷದ ಕೊಳ್ಳುವ ಶಕ್ತಿ ಅರ್ಧಕ್ಕೆ ಇಳಿದಿರುತ್ತದೆ. ಹೊಲ ಬರಗಾಲದ ವರ್ಷದಲ್ಲಿ ಏನೂ ಕೊಡದಿರಬಹುದು, ಆದರೆ ಅದು ಕರಗುವುದಿಲ್ಲ. ಹಣ ಕರಗುತ್ತದೆ. ಆದುದರಿಂದ ಅದರ ಒಂದು ಪಾಲಾದರೂ ದುಡಿಯುವ ಆಸ್ತಿಯಾಗಿ ಮಾರ್ಪಡಬೇಕು: ಬೇರೆಡೆ ಹೊಲ, ಮಕ್ಕಳ ವಿದ್ಯೆ, ಬಡ್ಡಿ ತಿನ್ನುವ ಹಳೆಯ ಸಾಲದ ತೀರುವಳಿ.

ಹಣ ಇಡುವ ಸ್ಥಳದ ಬಗೆಗೂ ಒಂದು ಮಾತು. ಬ್ಯಾಂಕುಗಳಲ್ಲಿನ ಠೇವಣಿಗೆ, ಸಹಕಾರಿ ಬ್ಯಾಂಕುಗಳಲ್ಲಿಯೂ ಸೇರಿದಂತೆ, ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷ ರೂಪಾಯಿಗಳವರೆಗೆ ವಿಮೆಯ ರಕ್ಷಣೆಯುಂಟು. ಈ ಮಿತಿ 2020ರ ಫೆಬ್ರುವರಿಯಿಂದ ಜಾರಿಯಲ್ಲಿದೆ. ಹೆಚ್ಚು ಬಡ್ಡಿಯ ಆಸೆ ತೋರಿಸುವ ಪತ್ತಿನ ಸಹಕಾರ ಸಂಘಗಳ ಠೇವಣಿಗೆ ಈ ರಕ್ಷಣೆಯಿಲ್ಲ. ಅರವತ್ತು ದಾಟಿದವರಿಗೆ ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ 2023ರಿಂದ 30 ಲಕ್ಷದವರೆಗೆ ತೊಡಗಿಸಲು ಅವಕಾಶವಿದೆ.

ತೆರಿಗೆಯ ವಿಷಯದಲ್ಲಿ ಹಳ್ಳಿಯ ಕೃಷಿಭೂಮಿಗೆ ಒಂದು ಅನುಕೂಲವುಂಟು. 10,000ಕ್ಕೆ ಮೇಲ್ಪಟ್ಟು 1 ಲಕ್ಷದವರೆಗೆ ಜನಸಂಖ್ಯೆಯಿರುವ ಪಟ್ಟಣದ ಗಡಿಯಿಂದ ನೇರ ಅಳತೆಯಲ್ಲಿ 2 ಕಿ.ಮೀ. ಆಚೆಗಿನ ಕೃಷಿಭೂಮಿಯ ಮಾರಾಟದ ಲಾಭಕ್ಕೆ ಬಂಡವಾಳ ಲಾಭದ ತೆರಿಗೆ ಬೀಳುವುದಿಲ್ಲ. ಆದರೆ ಬಿನ್‌ಶೇತ್ಕಿಯಾದ ನೆಲಕ್ಕೆ ಈ ಅನುಕೂಲ ಸಿಗದು. ಇನ್ನು, 20,000 ರೂಪಾಯಿ ಅಥವಾ ಅದಕ್ಕೂ ಹೆಚ್ಚಿನ ಸಂಚಕಾರವನ್ನು ನಗದಾಗಿ ಪಡೆಯುವುದು ಕಾನೂನಿಗೆ ವಿರುದ್ಧ. ಪಡೆದಷ್ಟೇ ಮೊತ್ತದ ದಂಡವನ್ನು ತೆರಬೇಕಾದೀತು.

ಮಾರದೆ, ವಿದ್ಯಾರ್ಥಿಗಳಿಗಾಗಿ ಕೋಣೆ ಕಟ್ಟಿ ಬಾಡಿಗೆಗೆ ಕೊಡುವವರೂ ಉಂಟು. ಒಳ್ಳೆಯ ಯೋಚನೆ, ಆದರೆ ಲೆಕ್ಕ ಬೇಕು. 12 ಲಕ್ಷ ಸಾಲ ತೆಗೆದು ನಾಲ್ಕು ಕೋಣೆ ಕಟ್ಟಿ, ತಲಾ 2,500ರಂತೆ ಬಾಡಿಗೆ ಬಂದರೆ ತಿಂಗಳಿಗೆ 10,000. ಶೇ. 10ರ ಬಡ್ಡಿಯಲ್ಲಿ 15 ವರ್ಷದ ಕಂತು ಸುಮಾರು 12,900. ರಜೆಯ ತಿಂಗಳುಗಳಲ್ಲಿ ಬಾಡಿಗೆ ನಿಂತರೂ ಕಂತು ನಿಲ್ಲುವುದಿಲ್ಲ. ಆದುದರಿಂದ ಎರಡು ಕೋಣೆಗಳನ್ನು ಕೈಯ ಹಣದಿಂದಲೇ ಕಟ್ಟಿ, ಅವುಗಳ ಆದಾಯದಿಂದ ಮುಂದಿನವುಗಳಿಗೆ ಕೈಹಾಕುವುದು ಜಾಣತನ.

ಕೊಳ್ಳುವವರಿಗೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ಹಿರಿಯರು. ಇಂದು ಅದಕ್ಕೆ ಕಾಗದ ಓದಿ ನೋಡು ಎಂಬುದನ್ನೂ ಸೇರಿಸಬೇಕಾಗಿದೆ. ಕರ್ನಾಟಕ ಭೂಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ಕಲಮುಗಳನ್ನು 2020ರಲ್ಲಿ ತೆಗೆದುಹಾಕಿದ ಬಳಿಕ ಒಕ್ಕಲಿಗರಲ್ಲದವರೂ ಕೃಷಿಭೂಮಿ ಕೊಳ್ಳುವ ದಾರಿ ತೆರೆದಿದೆ. ಆದರೆ ಕೊಂಡ ಹೊಲದಲ್ಲಿ ಮನೆ ಕಟ್ಟಲು ಅನುಮತಿ ಸಿಕ್ಕಿತೆಂದು ಇದರ ಅರ್ಥವಲ್ಲ. ಅದಕ್ಕೆ ಭೂಪರಿವರ್ತನೆ, ಅನುಮೋದಿತ ನಕಾಶೆ, ಗ್ರಾಮ ಪಂಚಾಯಿತಿಯ ಇ-ಸ್ವತ್ತಿನ ನಮೂನೆ 9 ಮತ್ತು 11 ಬೇಕು. ಹೊಲವನ್ನೇ ಗುಂಟೆ ಲೆಕ್ಕದಲ್ಲಿ ತುಂಡರಿಸಿ, ಬರೀ ಕರಾರು ಪತ್ರದ ಮೇಲೆ ಮಾರುವವರಿಂದ ದೂರವಿರುವುದು ಲೇಸು.

ಉಪನೋಂದಣಾಧಿಕಾರಿಗಳ ಕಚೇರಿಯಿಂದ ಕನಿಷ್ಠ 30 ವರ್ಷಗಳ ಋಣಭಾರ ಪತ್ರವನ್ನು ಪಡೆಯಬೇಕು. ಉತಾರದಲ್ಲಿ ಬೋಜಾ ಇದೆಯೇ ನೋಡಬೇಕು. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರಕಾರ ಮಂಜೂರು ಮಾಡಿದ ಭೂಮಿಯಾದರೆ, 1978ರ ಕಾಯ್ದೆಯಂತೆ ಸರಕಾರದ ಅನುಮತಿಯಿಲ್ಲದೆ ಅದರ ಮಾರಾಟ ಸಲ್ಲದು. ಅಂತಹ ಭೂಮಿಯನ್ನು ಮರಳಿ ಕೇಳಲು ಕಾಲಮಿತಿಯಿಲ್ಲವೆಂದು 2023ರ ತಿದ್ದುಪಡಿ ಹೇಳುತ್ತದೆ. ಬಡವರ ನೆಲಕ್ಕೆ ಕಾಯ್ದೆ ಕೊಟ್ಟ ಈ ಕಾವಲನ್ನು ಕೊಳ್ಳುವವರು ಗೌರವಿಸಬೇಕು.

ಬೆಲೆಯ ಜೊತೆಗೆ ಬರುವ ಖರ್ಚನ್ನು ಅನೇಕರು ಮರೆಯುತ್ತಾರೆ. ಶೇ. 5ರ ಮುದ್ರಾಂಕ ಶುಲ್ಕ, ಅದರ ಮೇಲಿನ ಸೆಸ್ ಮತ್ತು ಅಧಿಭಾರ, 2025ರ ಆಗಸ್ಟ್ 31ರಿಂದ ಶೇ. 1ರಿಂದ ಶೇ. 2ಕ್ಕೆ ಏರಿದ ನೋಂದಣಿ ಶುಲ್ಕ, ಎಲ್ಲ ಸೇರಿ ಬೆಲೆಯ ಶೇ. 7.6ರಷ್ಟಾಗುತ್ತದೆ. 10 ಲಕ್ಷದ ಪ್ಲಾಟಿಗೆ ಸುಮಾರು 76,000 ರೂಪಾಯಿಯನ್ನು ಬೇರೆಯಾಗಿ ತೆಗೆದಿಡಬೇಕು. ಈ ಖರ್ಚು ಉಳಿಸಲೆಂದು ಖರೇದಿ ಪತ್ರದಲ್ಲಿ ಕಡಿಮೆ ಬೆಲೆ ಬರೆಸಿ ಉಳಿದುದನ್ನು ನಗದಾಗಿ ಕೊಡುವ ಚಾಳಿ ಇದೆ. ಅದು ಅಪರಾಧವೆಂಬುದು ಒಂದೆಡೆಯಾದರೆ, ಬ್ಯಾಂಕು ಪತ್ರದಲ್ಲಿನ ಬೆಲೆಯನ್ನು ನೋಡಿಯೇ ಸಾಲ ಕೊಡುತ್ತದೆ. ಮುಂದೆ ಮಾರುವಾಗ ಲಾಭ ದೊಡ್ಡದಾಗಿ ಕಂಡು ತೆರಿಗೆಯೂ ದೊಡ್ಡದಾಗುತ್ತದೆ.

ಸಾಲದ ಅವಧಿಯನ್ನೂ ತೂಗಿ ನೋಡಬೇಕು. 10 ಲಕ್ಷಕ್ಕೆ ಶೇ. 9ರಂತೆ 20 ವರ್ಷದ ಕಂತು ಸುಮಾರು 9,000. ಒಟ್ಟು ಕಟ್ಟುವುದು 21.6 ಲಕ್ಷ. 15 ವರ್ಷಕ್ಕಾದರೆ ಕಂತು ಸುಮಾರು 10,150, ಒಟ್ಟು 18.3 ಲಕ್ಷ. ತಿಂಗಳಿಗೆ 1,150 ರೂಪಾಯಿ ಹೆಚ್ಚು ಕಟ್ಟುವ ಶಕ್ತಿಯಿದ್ದರೆ 3 ಲಕ್ಷಕ್ಕೂ ಮಿಗಿಲಾದ ಉಳಿತಾಯ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯ ಅಂಕಿಸಂಖ್ಯೆ ಇದೇ ತಾನೆ?

ಬಾಡಿಗೆಗಿರುವವರಿಗೆ

ಊರು ಬೆಳೆದಾಗ ಮೊದಲು ಬಿಸಿ ತಟ್ಟುವುದು ಬಾಡಿಗೆದಾರರಿಗೆ. ಹೊರಗಿನಿಂದ ಬಂದ ಅಧ್ಯಾಪಕನೋ ನೌಕರನೋ ಹೆಚ್ಚು ಬಾಡಿಗೆ ಕೊಡಬಲ್ಲ. ಅದೇ ಓಣಿಯಲ್ಲಿ ಹತ್ತಾರು ವರ್ಷದಿಂದಿರುವ ಕೂಲಿಯವನೋ ಹೊಲಿಗೆಯವಳೋ ಕೊಡಲಾರರು.

ಬಾಡಿಗೆ ಕಟ್ಟುವುದೆಂದರೆ ಹಣವನ್ನು ನೀರಿಗೆ ಹಾಕಿದಂತೆ ಎಂಬ ಮಾತು ಎಲ್ಲ ಕಾಲಕ್ಕೂ ಸರಿಯಲ್ಲ. 25 ಲಕ್ಷದ ಮನೆ 6,000 ರೂಪಾಯಿ ಬಾಡಿಗೆಗೆ ಸಿಗುವುದಾದರೆ, ವರ್ಷದ ಬಾಡಿಗೆ ಮನೆಯ ಬೆಲೆಯ ಶೇ. 3ಕ್ಕೂ ಕಡಿಮೆ. ಅದನ್ನೇ ಕೊಳ್ಳಲು ಶೇ. 9ರ ಬಡ್ಡಿಯಲ್ಲಿ 20 ಲಕ್ಷ ಸಾಲ ಮಾಡಿದರೆ 20 ವರ್ಷ ತಿಂಗಳಿಗೆ 18,000 ಕಂತು. ನಡುವಿನ 12,000ದಲ್ಲಿ ಸಾಧ್ಯವಾದಷ್ಟನ್ನು ತಪ್ಪದೆ ಉಳಿಸುವ ಶಿಸ್ತುಳ್ಳವನಿಗೆ ಕೆಲವು ವರ್ಷ ಬಾಡಿಗೆಗಿರುವುದೇ ಮೇಲು. ಉಳಿಸದವನಿಗೆ ಮಾತ್ರ ಹಳೆಯ ಮಾತು ಸತ್ಯ.

ಬಾಡಿಗೆಯ ಕರಾರನ್ನು ಬಾಯಿಮಾತಿಗೆ ಬಿಡಬಾರದು. 11 ತಿಂಗಳ ಕರಾರು ರೂಢಿಯಲ್ಲಿದೆ. ಒಂದು ವರ್ಷ ಮೀರಿದರೆ ನೋಂದಣಿ ಕಡ್ಡಾಯ. ಮುಂಗಡಕ್ಕೆ ರಸೀದಿ, ಬಾಡಿಗೆ ಬ್ಯಾಂಕಿನ ಮೂಲಕ, ಏರಿಕೆ ಎಷ್ಟೆಂಬುದು ಕರಾರಿನಲ್ಲಿಯೇ. ತಿಂಗಳ ಬಾಡಿಗೆಯಿಲ್ಲದೆ ದೊಡ್ಡ ಮೊತ್ತ ಕೊಟ್ಟು ಭೋಗ್ಯಕ್ಕೆ ಇರುವವರು ಇನ್ನೂ ಎಚ್ಚರದಿಂದಿರಬೇಕು. ಮನೆಯ ಮೇಲೆ ಮೊದಲೇ ಬ್ಯಾಂಕಿನ ಸಾಲವಿದ್ದರೆ ಬ್ಯಾಂಕಿನ ಹಕ್ಕೇ ಮುಂದು. ಋಣಭಾರ ಪತ್ರ ನೋಡಿ, ಭೋಗ್ಯಪತ್ರ ನೋಂದಾಯಿಸಿಯೇ ಹಣ ಕೊಡಬೇಕು.

ಮನೆ ಯಜಮಾನರಿಗೂ ಒಂದು ಅರಿಕೆ. 3,000 ರೂಪಾಯಿ ಬಾಡಿಗೆಯನ್ನು 3,500ಕ್ಕೆ ಏರಿಸಲೆಂದು ಹಳೆಯ ಸಂಸಾರವನ್ನು ಬಿಡಿಸಿ, ಮನೆ ಎರಡು ತಿಂಗಳು ಖಾಲಿ ಬಿದ್ದರೆ 6,000 ನಷ್ಟ. ಹೊಸ ಬಾಡಿಗೆಯ ಪೂರ್ತಿ ವರ್ಷದ ಹೆಚ್ಚಳವೂ ಅಷ್ಟೇ. ಕರುಣೆಯ ಮಾತು ಬದಿಗಿರಲಿ, ಲೆಕ್ಕದ ಪ್ರಕಾರವೂ ಒಳ್ಳೆಯ ಬಾಡಿಗೆದಾರ ಒಂದು ಆಸ್ತಿ.

ಒಟ್ಟಾಗಿ ಕುಳಿತು

ಈ ಮೂರು ಬಗೆಯ ಕುಟುಂಬಗಳು ಒಂದೇ ಊರಿನವು, ಎಷ್ಟೋ ಸಲ ಒಂದೇ ಬಳಗದವು. ಒಬ್ಬರ ಅವಸರ ಇನ್ನೊಬ್ಬರ ಸಂಕಟವಾಗುತ್ತದೆ. ಅಣ್ಣ ಗುಟ್ಟಾಗಿ ಮಾರಿದ ಹೊಲವೇ ಕೊಂಡವನಿಗೆ ವ್ಯಾಜ್ಯವಾಗುತ್ತದೆ. ಕೊಂಡವನು ಮಿತಿಮೀರಿ ಮಾಡಿದ ಸಾಲವೇ ಬಾಡಿಗೆದಾರನ ತಲೆಯ ಮೇಲೆ ಏರಿಕೆಯಾಗಿ ಬೀಳುತ್ತದೆ. ಆದುದರಿಂದ ಧರ್ಮಕೇಂದ್ರದ ಸಭಾಂಗಣಗಳಲ್ಲಿ, ಮಹಿಳಾ ಸಂಘಗಳಲ್ಲಿ, ಊರಿನ ಚಾವಡಿಗಳಲ್ಲಿ ವರ್ಷಕ್ಕೊಮ್ಮೆಯಾದರೂ ಒಬ್ಬ ವಕೀಲರನ್ನೂ ಒಬ್ಬ ಬ್ಯಾಂಕ್ ಅಧಿಕಾರಿಯನ್ನೂ ಕರೆಸಿ, ಜನರು ತಮ್ಮ ಕಾಗದಪತ್ರಗಳನ್ನು ಅವರ ಮುಂದಿಟ್ಟು ಕೇಳುವಂತಾಗಬೇಕು. ಅದಕ್ಕೂ ಮೊದಲು, ಈ ವಾರವೇ, ಮನೆಯ ಪೆಟ್ಟಿಗೆಯಲ್ಲಿರುವ ಉತಾರವನ್ನು ಹೊರತೆಗೆದು ಅದರಲ್ಲಿ ಯಾರ ಹೆಸರಿದೆ, ಯಾರ ಹೆಸರಿಲ್ಲ ಎಂಬುದನ್ನು ಹೆಂಡತಿ ಮಕ್ಕಳೊಡನೆ ಕುಳಿತು ಓದಬೇಕು.

ಬೆಳೆ ಕೈಕೊಟ್ಟರೆ ಮರುವರ್ಷ ಬಿತ್ತಬಹುದು. ಮಾರಿದ ಹೊಲವನ್ನು ಮರಳಿ ಪಡೆಯುವುದು ಸುಲಭವಲ್ಲ. ಮಾರಲೇಬೇಕಾದರೆ ಮಾರೋಣ, ಆದರೆ ನಾಳೆ ನಮ್ಮ ಮಕ್ಕಳು ಆ ರಸ್ತೆಯಲ್ಲಿ ಹಾದುಹೋಗುವಾಗ ನಮ್ಮ ಹೊಲ ಏನಾಯಿತೆಂದು ಕೇಳಿದರೆ, ತಲೆ ತಗ್ಗಿಸದೆ ಉತ್ತರ ಹೇಳುವಂತಿರಲಿ.